ವಿದ್ಯಾರ್ಥಿಯೂ ಪರಿಚಯ ಪತ್ರವೂ

ಅಂತಿಮ ಬಿ.ಎ. ವಿದ್ಯಾರ್ಥಿ

ನಮ್ಮ ಹಿರಿಯರ ಕಾಲದಲ್ಲಿ ಓದು ಮುಗಿಸಿದ ತರುಣನೊಬ್ಬನು ಕೆಲಸ ಹುಡುಕಿಕೊಂಡು ಪಟ್ಟಣಕ್ಕೆ ಹೊರಟಾಗ ಅವನ ಚೀಲದಲ್ಲಿ ಎರಡು ಕಾಗದಗಳಿರುತ್ತಿದ್ದುವು. ಒಂದು, ಪರೀಕ್ಷೆಯಲ್ಲಿ ತೇರ್ಗಡೆಯಾದ ಪ್ರಮಾಣ ಪತ್ರ. ಇನ್ನೊಂದು, ಊರಿನ ಶಾನುಭೋಗರೋ ಹೈಸ್ಕೂಲಿನ ಮುಖ್ಯೋಪಾಧ್ಯಾಯರೋ ಪಟ್ಟಣದ ತಮ್ಮ ಪರಿಚಿತರಿಗೆ ಬರೆದುಕೊಟ್ಟ ಪರಿಚಯ ಪತ್ರ. ಮೊದಲನೆಯದು ಅವನು ಏನು ಓದಿದ್ದಾನೆಂಬುದನ್ನು ಹೇಳುತ್ತಿತ್ತು. ಎರಡನೆಯದು ಅವನು ಎಂಥವನೆಂಬುದನ್ನು. ಪ್ರಮಾಣ ಪತ್ರವು ಓದಿದವರೆಲ್ಲರಲ್ಲಿಯೂ ಇರುತ್ತಿತ್ತು. ಪರಿಚಯ ಪತ್ರವಾದರೋ, ಬರೆದುಕೊಡುವ ದೊಡ್ಡವರು ಇದ್ದ ಮನೆಯ ಮಕ್ಕಳಿಗೆ ಮಾತ್ರ ದೊರೆಯುತ್ತಿತ್ತು.

ಸರ್ಕಾರಿ ಕಲಾ ಕಾಲೇಜಿನಲ್ಲಿ ಓದುವ ನಮ್ಮಲ್ಲಿ ಎಷ್ಟು ಮಂದಿಗೆ ಅಂಥ ದೊಡ್ಡವರಿದ್ದಾರೆ? ನನ್ನ ಮಾತನ್ನೇ ಹೇಳುವುದಾದರೆ, ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಬೆಂಗಳೂರಿನಲ್ಲಿ ನಮಗಿರುವ ನೆಂಟರು ಕಟ್ಟಡದ ಕೆಲಸಕ್ಕೆ ಹೋದವರು. ಅವರು ನನಗೆ ಉಳಿಯಲು ಜಾಗ ಕೊಟ್ಟಾರು, ಉಪ್ಪು ಗಂಜಿ ಹಾಕಿಯಾರು. ಕಚೇರಿಯ ಬಾಗಿಲನ್ನು ತೋರಿಸಲಾರರು. ಆದುದರಿಂದ ಪರಿಚಯ ಪತ್ರವನ್ನು ನಾವೇ ಬರೆದುಕೊಳ್ಳುವುದು ಹೇಗೆಂಬ ಪ್ರಶ್ನೆ ನಮ್ಮಂಥವರಿಗೆ ಹಗುರವಾದುದಲ್ಲ. ಈ ಕಾಲದಲ್ಲಿ ಅದಕ್ಕೆ ಅಂತರಜಾಲದಲ್ಲಿ ಒಂದು ಸ್ಥಳವಿದೆ. ಅದನ್ನು ಸರಿಯಾಗಿ ಬಳಸುವ ಬಗೆಯನ್ನು, ನಾನು ತಪ್ಪಿ ಕಲಿತ ಕ್ರಮದಲ್ಲಿಯೇ, ಸಹಪಾಠಿಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಲಿಂಕ್ಡ್‌ಇನ್ ಎಂದರೇನು?

ಲಿಂಕ್ಡ್‌ಇನ್ ಎಂಬುದು ಉದ್ಯೋಗಕ್ಕೆ ಸಂಬಂಧಿಸಿದ ಪರಿಚಯಗಳಿಗಾಗಿ ಹುಟ್ಟಿದ ಜಾಲತಾಣ. ರೀಡ್ ಹಾಫ್‌ಮನ್ ಮತ್ತು ಅವರ ಸಂಗಡಿಗರು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2002ರ ಕೊನೆಯಲ್ಲಿ ಇದಕ್ಕೆ ಅಡಿಗಲ್ಲು ಹಾಕಿದರು. 2003ರ ಮೇ ತಿಂಗಳಲ್ಲಿ ಅದು ಸಾರ್ವಜನಿಕರಿಗೆ ತೆರೆಯಿತು. 2016ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಇದನ್ನು 2,620 ಕೋಟಿ ಡಾಲರುಗಳಿಗೆ ಕೊಂಡುಕೊಂಡಿತು. 2023ರಲ್ಲಿ ಸದಸ್ಯರ ಸಂಖ್ಯೆ 100 ಕೋಟಿ ದಾಟಿತೆಂದು ಸಂಸ್ಥೆಯೇ ಪ್ರಕಟಿಸಿತು. ಖಾತೆ ತೆರೆಯಲು ಹಣ ಕೊಡಬೇಕಾಗಿಲ್ಲ. ಇಲ್ಲಿ ಪ್ರತಿಯೊಬ್ಬನಿಗೂ ಒಂದು ಪುಟ ಉಂಟು. ಅದನ್ನೇ ಪ್ರೊಫೈಲ್ ಎನ್ನುತ್ತಾರೆ. ಓದು, ಕೆಲಸ, ಬಲ್ಲ ವಿದ್ಯೆ, ಬಲ್ಲ ಭಾಷೆ, ಮಾಡಿದ ಸೇವೆ, ಇವನ್ನೆಲ್ಲ ಅದರಲ್ಲಿ ದಾಖಲು ಮಾಡಬಹುದು. ಒಬ್ಬರಿಗೊಬ್ಬರು ಪರಿಚಯದ ಕೋರಿಕೆ ಕಳುಹಿಸಿ ಸಂಪರ್ಕ ಬೆಳೆಸಬಹುದು.

ದೂರದ ಪರಿಚಯದ ಬಲ

ಪರಿಚಯವಿಲ್ಲದವರು ನಮಗೆ ಏಕೆ ಸಹಾಯ ಮಾಡಿಯಾರು ಎಂದು ಕೇಳಬಹುದು. ಸಮಾಜಶಾಸ್ತ್ರದ ವಿದ್ಯಾರ್ಥಿಗಳಿಗೆ ಮಾರ್ಕ್ ಗ್ರಾನೊವೆಟರ್ ಅವರ ಹೆಸರು ಹೊಸತಲ್ಲ. ದುರ್ಬಲ ಸಂಬಂಧಗಳ ಬಲವನ್ನು ಕುರಿತು 1973ರಲ್ಲಿ ಅವರು ಪ್ರಕಟಿಸಿದ ಪ್ರಬಂಧ ಇಂದಿಗೂ ಚರ್ಚೆಯಲ್ಲಿದೆ. ಬಾಸ್ಟನ್ ನಗರದ ಬಳಿಯ ಒಂದು ಊರಿನಲ್ಲಿ ಹೊಸದಾಗಿ ಕೆಲಸ ಬದಲಿಸಿದವರನ್ನು ಅವರು ವಿಚಾರಿಸಿದರು. ಪರಿಚಿತರ ಮೂಲಕ ಕೆಲಸದ ಸುದ್ದಿ ಪಡೆದವರಲ್ಲಿ ಶೇಕಡಾ 17ರಷ್ಟು ಮಂದಿ ಮಾತ್ರ ಆ ಪರಿಚಿತರನ್ನು ಆಗಾಗ್ಗೆ ನೋಡುತ್ತಿದ್ದವರು. ಶೇಕಡಾ 56ರಷ್ಟು ಮಂದಿ ಎಂದೋ ಒಮ್ಮೊಮ್ಮೆ ನೋಡುತ್ತಿದ್ದವರು. ಉಳಿದ ಶೇಕಡಾ 28ರಷ್ಟು ಮಂದಿ ಅಪರೂಪಕ್ಕೆ ಕಾಣುತ್ತಿದ್ದವರು.

ಇದರ ಕಾರಣ ಕಷ್ಟದ್ದೇನಲ್ಲ. ನಮ್ಮ ಆಪ್ತ ಗೆಳೆಯರಿಗೆ ಗೊತ್ತಿರುವುದು ಬಹುಮಟ್ಟಿಗೆ ನಮಗೆ ಗೊತ್ತಿರುವುದೇ. ಹಾಸ್ಟೆಲಿನ ಒಂದು ಕೋಣೆಯ ನಾಲ್ವರಿಗೂ ಒಂದೇ ಸುದ್ದಿ. ಬೇರೆ ಊರಿನಲ್ಲಿ, ಬೇರೆ ಕೆಲಸದಲ್ಲಿ ಇರುವವನು ತರುವ ಸುದ್ದಿಯೇ ಹೊಸ ಸುದ್ದಿ. 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಒಂದು ಸಂಶೋಧನೆಯು ಇದೇ ವಿಚಾರವನ್ನು ಲಿಂಕ್ಡ್‌ಇನ್ ತಾಣದಲ್ಲಿಯೇ ಪರೀಕ್ಷಿಸಿತು. ಐದು ವರ್ಷಗಳ ಅವಧಿಯಲ್ಲಿ 2 ಕೋಟಿಗೂ ಹೆಚ್ಚು ಸದಸ್ಯರ ವಿವರಗಳನ್ನು ನೋಡಿ, ತೀರ ಆಪ್ತವೂ ಅಲ್ಲದ ತೀರ ಅಪರಿಚಿತವೂ ಅಲ್ಲದ ನಡುವಣ ಸಂಬಂಧಗಳೇ ಕೆಲಸ ಬದಲಿಸುವುದಕ್ಕೆ ಹೆಚ್ಚು ನೆರವಾಗುತ್ತವೆಂದು ಕಂಡುಕೊಂಡರು. ದೊಡ್ಡ ನೆಂಟಸ್ತಿಕೆ ಇಲ್ಲದ ನಮಗೆ ಇದು ಧೈರ್ಯ ತರುವ ಮಾತು. ಹತ್ತಿರದ ಬಳಗ ನಮ್ಮ ಕೈಯಲ್ಲಿಲ್ಲ. ದೂರದ ಬಳಗವನ್ನು ಸಂಪಾದಿಸಿಕೊಳ್ಳುವುದು ನಮ್ಮ ಕೈಯಲ್ಲಿದೆ.

ಒಂದು ಹಳೆಯ ಪರಿಚಯ ಪತ್ರ

ಅಪರಿಚಿತನಿಗೆ ಪತ್ರ ಬರೆಯುವುದು ಹೇಗೆಂಬುದಕ್ಕೆ ನಮ್ಮ ದೇಶದ್ದೇ ಆದ ನಿದರ್ಶನ ಒಂದಿದೆ. 1913ರ ಜನವರಿ 16ರಂದು ಮದರಾಸಿನ ಬಂದರು ಟ್ರಸ್ಟಿನ ಲೆಕ್ಕಪತ್ರ ವಿಭಾಗದ ಗುಮಾಸ್ತರೊಬ್ಬರು ಕೇಂಬ್ರಿಜಿನ ಗಣಿತಜ್ಞ ಜಿ. ಎಚ್. ಹಾರ್ಡಿಯವರಿಗೆ ಪತ್ರ ಬರೆದರು. ಆ ಗುಮಾಸ್ತರೇ ಶ್ರೀನಿವಾಸ ರಾಮಾನುಜನ್. ಕಾಲೇಜಿನ ಪರೀಕ್ಷೆಯಲ್ಲಿ ತೇರ್ಗಡೆಯಾಗದವರು, ಹಾರ್ಡಿಯವರನ್ನು ಕಂಡವರಲ್ಲ. ಅದಕ್ಕೆ ಮುಂಚೆ ಕೇಂಬ್ರಿಜಿನ ಬೇರೆ ಇಬ್ಬರು ಗಣಿತಜ್ಞರಿಗೆ ಬರೆದು ನೆರವು ಕಾಣದೆ ಹೋಗಿದ್ದರು.

ಆ ಪತ್ರದ ಕ್ರಮವನ್ನು ಗಮನಿಸಿರಿ. ಮೊದಲ ಸಾಲಿನಲ್ಲಿಯೇ ತಾವು ಯಾರು, ಎಲ್ಲಿ ಗುಮಾಸ್ತರು, ಸಂಬಳವೆಷ್ಟು ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ವಿಶ್ವವಿದ್ಯಾನಿಲಯದ ಶಿಕ್ಷಣ ತಮಗಿಲ್ಲವೆಂಬುದನ್ನೂ ಅಡಗಿಸಲಿಲ್ಲ. ಬಿಡುವಿನ ವೇಳೆಯಲ್ಲಿ ಏನು ಮಾಡುತ್ತಿರುವೆನೆಂದು ತಿಳಿಸಿದರು. ಆಮೇಲೆ ತಾವು ಕಂಡುಕೊಂಡ ಪ್ರಮೇಯಗಳನ್ನೇ ಪುಟಗಟ್ಟಲೆ ಜೊತೆಗಿಟ್ಟರು. ಕೊನೆಗೆ ತಮಗೆ ಬೇಕಾದುದು ಇಂಥದೆಂದು ಸ್ಪಷ್ಟವಾಗಿ ಕೇಳಿದರು. ಹಾರ್ಡಿಯವರನ್ನು ಗೆದ್ದುದು ಆ ಪ್ರಮೇಯಗಳು. 1914ರಲ್ಲಿ ರಾಮಾನುಜನ್ ಕೇಂಬ್ರಿಜಿಗೆ ಹೋದರು. 1918ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾದರು.

ನಾವು ರಾಮಾನುಜನ್ನರಲ್ಲ ನಿಜ. ಅವರ ಪ್ರತಿಭೆ ನಮಗೆ ಬಾರದು. ಆದರೆ ಅವರ ಪತ್ರದ ಕ್ರಮ ಯಾರಿಗಾದರೂ ಬಂದೀತು: ನಾನು ಯಾರು, ನನ್ನಲ್ಲಿ ಏನಿಲ್ಲ, ನಾನು ಮಾಡಿದುದೇನು, ಇಗೋ ಅದರ ಮಾದರಿ, ನನಗೆ ಬೇಕಾದುದು ಇಷ್ಟು. ಒಳ್ಳೆಯ ಪ್ರೊಫೈಲಿನ ಸಾರವೆಲ್ಲ ಇದರಲ್ಲಿಯೇ ಇದೆ.

ನಾನು ಮಾಡಿದ ತಪ್ಪು

ಈ ಪಾಠ ನನಗೆ ಮೊದಲು ತಿಳಿದಿರಲಿಲ್ಲ. ಎರಡನೆಯ ವರ್ಷದಲ್ಲಿ ನಾನು ಪ್ರೊಫೈಲ್ ತೆರೆದಾಗ ಯಾರದೋ ಪುಟವನ್ನು ನೋಡಿ ಹಾಗೆಯೇ ಬರೆದುಕೊಂಡೆ. 'ಉತ್ಸಾಹಿ ನಾಯಕ, ಸೃಜನಶೀಲ ಚಿಂತಕ' ಎಂದು ನೆತ್ತಿಯ ಮೇಲೆ ಹಾಕಿಕೊಂಡೆ. ಬಲ್ಲ ವಿದ್ಯೆಗಳ ಪಟ್ಟಿಯಲ್ಲಿ ಮೂವತ್ತು ಹೆಸರುಗಳನ್ನು ಸೇರಿಸಿದೆ. ಅವುಗಳಲ್ಲಿ ದತ್ತಾಂಶ ವಿಶ್ಲೇಷಣೆ ಎಂಬುದೂ ಒಂದು.

ಕೆಲವು ತಿಂಗಳ ನಂತರ ಹಳ್ಳಿಗಳಲ್ಲಿ ಸಮೀಕ್ಷೆ ನಡೆಸುವ ಒಂದು ಸಂಸ್ಥೆಯಿಂದ ದೂರವಾಣಿ ಬಂದಿತು. ಬೇಸಿಗೆ ರಜೆಯಲ್ಲಿ ಒಂದು ತಿಂಗಳ ತರಬೇತಿಗೆ ಹುಡುಗರು ಬೇಕಾಗಿದ್ದರು. ಮಾತನಾಡಿದವರು ಒಬ್ಬ ಮಹಿಳೆ. "ಮುನ್ನೂರು ಮನೆಗಳ ಉತ್ತರಗಳು ನಿಮ್ಮ ಮುಂದಿವೆ ಎಂದಿಟ್ಟುಕೊಳ್ಳಿ. ಯಾವ ಹಳ್ಳಿಯಲ್ಲಿ ನೀರಿನ ತೊಂದರೆ ಹೆಚ್ಚೆಂದು ಹೇಗೆ ಕಂಡುಹಿಡಿಯುತ್ತೀರಿ?" ಎಂದು ಕೇಳಿದರು. ಗಣಕಯಂತ್ರದ ಎಕ್ಸೆಲ್ ಹಾಳೆಯಲ್ಲಿ ಹೆಸರುಗಳನ್ನು ತುಂಬಿದ್ದಕ್ಕಿಂತ ಹೆಚ್ಚಿನದನ್ನು ನಾನು ಮಾಡಿದವನಲ್ಲ. ಬಾಯಿ ಕಟ್ಟಿತು. ಅವರು ಸ್ವಲ್ಪ ಹೊತ್ತು ಕಾದು, "ಬಾರದಿದ್ದರೆ ಪರವಾಗಿಲ್ಲಪ್ಪ, ನಾವೇ ಕಲಿಸುತ್ತಿದ್ದೆವು. ಆದರೆ ಬರುತ್ತದೆಂದು ಬರೆದಿದ್ದೀರಲ್ಲ" ಎಂದರು. ಗದರಿಸಲಿಲ್ಲ. ಗದರಿಸಿದ್ದರೆ ಅಷ್ಟು ನೋಯುತ್ತಿರಲಿಲ್ಲವೇನೋ.

ಇದರಲ್ಲಿ ಇನ್ನೊಂದು ವಿಷಾದವಿದೆ. ಅದೇ ವರ್ಷ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರದಲ್ಲಿ ನಾನು ಗೆಳೆಯರೊಡನೆ ಮನೆಮನೆಗೆ ಹೋಗಿ ಕುಡಿಯುವ ನೀರಿನ ವಿಚಾರವಾಗಿಯೇ ಮಾಹಿತಿ ಬರೆದುಕೊಂಡು ಬಂದಿದ್ದೆ. ಆ ಸಂಸ್ಥೆಗೆ ಬೇಕಾಗಿದ್ದ ಕೆಲಸವೂ ಅದೇ. ನನ್ನ ಪುಟದಲ್ಲಿ ಅದೊಂದು ಮಾತ್ರ ಇರಲಿಲ್ಲ! ಎನ್.ಎಸ್.ಎಸ್. ಶಿಬಿರವೂ ಒಂದು ಕೆಲಸವೇ ಎಂದು ನಾನು ಕಡೆಗಣಿಸಿದ್ದೆ. ಇಲ್ಲದುದನ್ನು ಬರೆದು ಇದ್ದುದನ್ನು ಬಿಟ್ಟಿದ್ದೆ.

ಪುಟವನ್ನು ಬರೆಯುವ ಬಗೆ

ಆಮೇಲೆ ಎಲ್ಲವನ್ನೂ ಅಳಿಸಿ ಹೊಸದಾಗಿ ಬರೆದೆ. ಆ ಅನುಭವದಿಂದ ಕೆಲವು ಸೂಚನೆಗಳು.

1. ಭಾವಚಿತ್ರ: ಸ್ಟುಡಿಯೋಗೆ ಹೋಗಬೇಕಾಗಿಲ್ಲ. ಬೆಳಗಿನ ಹೊತ್ತು ಕಿಟಕಿಯ ಬೆಳಕಿನಲ್ಲಿ, ಸಾದಾ ಗೋಡೆಯ ಮುಂದೆ ಗೆಳೆಯನೊಬ್ಬನು ಮೊಬೈಲಿನಿಂದ ತೆಗೆದ ಚಿತ್ರ ಸಾಕು. ಮುಖ ಸ್ಪಷ್ಟವಾಗಿ ಕಾಣಬೇಕು. ಮದುವೆಯ ಗುಂಪಿನಿಂದ ಕತ್ತರಿಸಿದ ಚಿತ್ರ ಬೇಡ.

2. ಹೆಸರಿನ ಕೆಳಗಿನ ಸಾಲು: ಇದಕ್ಕೆ 220 ಅಕ್ಷರಗಳ ಮಿತಿ ಇದೆ. ಮೊದಲು ಎಲ್ಲರ ಕಣ್ಣಿಗೆ ಬೀಳುವುದು ಇದೇ. ಗುಣವಾಚಕಗಳನ್ನು ಬಿಟ್ಟು ನಾಮಪದಗಳನ್ನು ಹಾಕಿರಿ. ಉದಾಹರಣೆಗೆ: 'ಅಂತಿಮ ಬಿ.ಎ., ಇತಿಹಾಸ ಮತ್ತು ಕನ್ನಡ. ನಮ್ಮ ಹೋಬಳಿಯ ವೀರಗಲ್ಲುಗಳ ಪಟ್ಟಿ ಮಾಡುತ್ತಿದ್ದೇನೆ. ಅನುವಾದ ಮತ್ತು ದಾಖಲೆಗಳ ಕೆಲಸದಲ್ಲಿ ಆಸಕ್ತಿ.' ಇದನ್ನು ಓದಿದವನಿಗೆ ನಿಮ್ಮನ್ನು ಕೇಳಲು ಒಂದು ಪ್ರಶ್ನೆ ಹುಟ್ಟುತ್ತದೆ. 'ಉತ್ಸಾಹಿ ನಾಯಕ' ಎಂಬುದನ್ನು ಓದಿದವನು ಏನೆಂದು ಕೇಳಿಯಾನು?

3. ನಮ್ಮನ್ನು ಕುರಿತ ಭಾಗ: ಇಲ್ಲಿ 2,600 ಅಕ್ಷರಗಳವರೆಗೆ ಬರೆಯಬಹುದು, ಅಷ್ಟನ್ನೂ ತುಂಬಬೇಕೆಂಬ ನಿಯಮವಿಲ್ಲ. ಮೊದಲ ಕೆಲವು ಸಾಲುಗಳು ಮಾತ್ರ ತಾವಾಗಿ ಕಾಣುತ್ತವೆ, ಉಳಿದುದನ್ನು ಓದುಗನು ಒತ್ತಿ ತೆರೆಯಬೇಕು. ಆದುದರಿಂದ ಮುಖ್ಯವಾದುದನ್ನು ಮೊದಲೇ ಹೇಳಿರಿ. ಎಲ್ಲಿ, ಏನು ಓದುತ್ತಿದ್ದೀರಿ, ಯಾವ ವಿಷಯ ನಿಮ್ಮನ್ನು ಹಿಡಿದಿದೆ, ಏನು ಮಾಡಿದ್ದೀರಿ, ಯಾವ ಬಗೆಯ ಕೆಲಸ ಕಲಿಯಬೇಕೆಂದಿದ್ದೀರಿ. ಗೆಳೆಯರೊಬ್ಬರ ಮುಂದೆ ಗಟ್ಟಿಯಾಗಿ ಓದಿರಿ. ಓದುವಾಗ ನಾಚಿಕೆಯಾಗುವ ವಾಕ್ಯವನ್ನು ತೆಗೆದುಹಾಕಿರಿ.

4. ಕೆಲಸ ಮತ್ತು ಸೇವೆ: 'ಶಿಬಿರದಲ್ಲಿ ಭಾಗವಹಿಸಿದೆ' ಎಂದರೆ ಏನೂ ಹೇಳಿದಂತಾಗಲಿಲ್ಲ. ಎಷ್ಟು ದಿನ, ಎಷ್ಟು ಮನೆ, ನಿಮ್ಮ ಪಾಲಿನ ಕೆಲಸ ಯಾವುದು, ಕೊನೆಗೆ ಏನಾಯಿತು, ಇವನ್ನು ಬರೆಯಿರಿ. ಅಪ್ಪನ ಅಂಗಡಿಯ ಲೆಕ್ಕ ಬರೆದವರೂ ಹಾಲಿನ ಸಂಘದಲ್ಲಿ ಸಂಜೆ ಕೆಲಸ ಮಾಡಿದವರೂ ಅದನ್ನು ಮುಚ್ಚಿಡುವ ಕಾರಣವಿಲ್ಲ. ಮೂರು ವರ್ಷ ದಿನವೂ ಲೆಕ್ಕ ತಪ್ಪದೆ ಬರೆದವನ ಮೇಲೆ ಯಾರಿಗಾದರೂ ನಂಬಿಕೆ ಹುಟ್ಟುತ್ತದೆ.

5. ಬಲ್ಲ ವಿದ್ಯೆಗಳು: ಒಂದು ಅಳತೆಗೋಲನ್ನು ನಾನು ಇಟ್ಟುಕೊಂಡಿದ್ದೇನೆ. ಯಾರಾದರೂ ಈಗಲೇ ಮಾಡಿ ತೋರಿಸು ಎಂದರೆ ತೋರಿಸಬಲ್ಲೆನೇ? ಬಲ್ಲೆನಾದರೆ ಬರೆಯುತ್ತೇನೆ. ಮೂವತ್ತು ಇದ್ದ ನನ್ನ ಪಟ್ಟಿ ಆರಕ್ಕೆ ಇಳಿಯಿತು.

6. ಭಾಷೆಗಳು: ಇದಕ್ಕೆ ಬೇರೆಯೇ ಭಾಗವಿದೆ, ಭಾಷೆ ಎಷ್ಟು ಬರುತ್ತದೆಂದು ತೋರಿಸುವ ಐದು ಮೆಟ್ಟಿಲುಗಳೂ ಇವೆ. ನಮ್ಮವರು ಇಂಗ್ಲಿಷನ್ನು ಒಂದು ಮೆಟ್ಟಿಲು ಮೇಲೆ ತೋರಿಸಿ ಕನ್ನಡವನ್ನು ಬರೆಯುವುದಕ್ಕೇ ಮರೆಯುತ್ತಾರೆ. ಹಳ್ಳಿಯ ಜನರ ಮಾತನ್ನು ಕೇಳಿ ಬರೆದುಕೊಳ್ಳಬಲ್ಲವರು, ಕನ್ನಡ, ಉರ್ದು, ತುಳು, ಲಂಬಾಣಿ ಬಲ್ಲವರು ಸಮೀಕ್ಷೆಗೂ ಅನುವಾದಕ್ಕೂ ಬೇಕಾದವರು. ಅದನ್ನು ಧೈರ್ಯವಾಗಿ ಬರೆಯಿರಿ.

ತೋರಿಸಲು ಏನಿದೆ?

'ಕಲಾ ವಿಭಾಗದವರಾದ ನಾವು ತೋರಿಸುವುದಾದರೂ ಏನನ್ನು?' ಎಂದು ಗೆಳೆಯರು ಕೇಳುವುದುಂಟು. ವಿಜ್ಞಾನದವರಿಗೆ ಪ್ರಯೋಗಶಾಲೆಯುಂಟು, ನಮಗೆ ನಮ್ಮ ಊರೇ ಪ್ರಯೋಗಶಾಲೆ.

ಇತಿಹಾಸದ ವಿದ್ಯಾರ್ಥಿಯು ತನ್ನ ಸುತ್ತಣ ಹತ್ತು ಹಳ್ಳಿಗಳ ಶಾಸನಗಳನ್ನೂ ವೀರಗಲ್ಲುಗಳನ್ನೂ ಪಟ್ಟಿ ಮಾಡಬಹುದು. ಬಿ. ಎಲ್. ರೈಸ್ ಅವರು ಆರಂಭಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ಶಾಸನಗಳು ತಾಲ್ಲೂಕುವಾರಾಗಿ ಇವೆ. ಅಲ್ಲಿ ದಾಖಲಾದ ಕಲ್ಲು ಈಗಲೂ ಅಲ್ಲಿಯೇ ಇದೆಯೇ, ಬಟ್ಟೆ ಒಗೆಯುವ ಬಂಡೆಯಾಗಿದೆಯೇ ಎಂದು ನೋಡಿ ಬರೆದರೂ ಅದು ಬೆಲೆಯುಳ್ಳ ಕೆಲಸ. ಕನ್ನಡದ ವಿದ್ಯಾರ್ಥಿಯು 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ಲೇಖನಗಳನ್ನು ಬರೆಯಬಹುದು, ತಿದ್ದಬಹುದು. ಅಲ್ಲಿ ಯಾವ ಖಾತೆಯವರು ಯಾವ ದಿನ ಏನು ತಿದ್ದಿದರೆಂಬುದೆಲ್ಲ ದಾಖಲಾಗಿರುತ್ತದೆ. ಅದಕ್ಕಿಂತ ಮೇಲಾದ ಸಾಕ್ಷಿ ಬೇಕಿಲ್ಲ. ಅರ್ಥಶಾಸ್ತ್ರದವರು ವಾರದ ಸಂತೆಯಲ್ಲಿ ಒಂದು ವರ್ಷ ಟೊಮೇಟೊ, ಈರುಳ್ಳಿಗಳ ಬೆಲೆ ಬರೆದಿಟ್ಟು ಅದರ ಏರಿಳಿತವನ್ನು ಎರಡು ಪುಟಗಳಲ್ಲಿ ವಿವರಿಸಬಹುದು. ಭಾರತ ಸರ್ಕಾರವು 2017ರಲ್ಲಿ ಆರಂಭಿಸಿದ ಸ್ವಯಂ ಎಂಬ ತಾಣದಲ್ಲಿ ಪಾಠಗಳನ್ನು ಉಚಿತವಾಗಿ ಕಲಿಯಬಹುದು. ಪ್ರಮಾಣ ಪತ್ರ ಬೇಕಾದವರು ಶುಲ್ಕ ಕೊಟ್ಟು ಪರೀಕ್ಷೆಗೆ ಕುಳಿತುಕೊಳ್ಳಬಹುದು. ರಾಷ್ಟ್ರೀಯ ಸೇವಾ ಯೋಜನೆಯಂತೂ 1969ರಿಂದ ನಡೆದುಬಂದಿರುವುದು. ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ ಎಂದರೆ ಅದೇನು ಸಣ್ಣ ಮಾತೇ?

ಹೀಗೆ ಮಾಡಿದ ಕೆಲಸದ ಒಂದು ಪ್ರತಿಯನ್ನೋ ಚಿತ್ರವನ್ನೋ ಪುಟಕ್ಕೆ ಜೋಡಿಸಿರಿ. ಹತ್ತು ಹೊಗಳಿಕೆಯ ಮಾತುಗಳಿಗಿಂತ ಇಂಥ ಒಂದು ಮಾದರಿ ಮೇಲು.

ಪರಿಚಯ ಬೆಳೆಸುವುದು

ಪುಟ ಸಿದ್ಧವಾದ ಮೇಲೆ ಸುಮ್ಮನೆ ಕುಳಿತರೆ ಪ್ರಯೋಜನವಿಲ್ಲ. ಮೊದಲು ನಮ್ಮ ಅಧ್ಯಾಪಕರು, ಸಹಪಾಠಿಗಳು. ಅನಂತರ ನಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿಗಳು. ತಾಣದಲ್ಲಿ ಕಾಲೇಜಿನ ಪುಟವಿದ್ದರೆ ಅಲ್ಲಿ ಓದಿ ಹೋದವರು ಯಾವ ಊರಿನಲ್ಲಿ, ಯಾವ ಕೆಲಸದಲ್ಲಿದ್ದಾರೆಂಬುದನ್ನು ಹುಡುಕಿ ನೋಡಬಹುದು. ಒಂದೇ ಬೆಂಚಿನ ಮೇಲೆ ಬೇರೆ ಬೇರೆ ವರ್ಷ ಕುಳಿತವರ ನಡುವೆ ಒಂದು ನಂಟು ಇದ್ದೇ ಇರುತ್ತದೆ.

ಕೋರಿಕೆಯೊಡನೆ ಎರಡು ಸಾಲಿನ ಟಿಪ್ಪಣಿ ಸೇರಿಸಬೇಕು. ಉಚಿತ ಖಾತೆಯವರು ಇಂಥ ಟಿಪ್ಪಣಿಗಳನ್ನು ತಿಂಗಳಿಗೆ ಕೆಲವನ್ನು ಮಾತ್ರ ಕಳುಹಿಸಬಹುದಾದುದರಿಂದ ಆರಿಸಿ ಬರೆಯಬೇಕು. ನಾನು ಬರೆದುದು ಹೀಗಿತ್ತು: 'ನಮಸ್ಕಾರ ಸರ್. ತಾವು ಓದಿದ ಕಾಲೇಜಿನಲ್ಲಿ ನಾನು ಅಂತಿಮ ಬಿ.ಎ. ಓದುತ್ತಿದ್ದೇನೆ. ದಾಖಲೆಗಳ ಕೆಲಸಕ್ಕೆ ಏನೇನು ಕಲಿಯಬೇಕೆಂದು ತಮ್ಮಿಂದ ತಿಳಿಯುವ ಆಸೆ.' ಕೆಲಸ ಕೊಡಿಸಿರೆಂದು ಮೊದಲ ಪತ್ರದಲ್ಲಿಯೇ ಕೇಳಕೂಡದು. ತಿಳಿವಳಿಕೆ ಕೇಳಿದರೆ ಕೊಡುವವರು ಬಹಳ. ಕೆಲಸ ಕೇಳಿದರೆ ಮುಖ ತಿರುಗಿಸುವವರೇ ಬಹಳ.

ಏಳು ಮಂದಿಗೆ ಬರೆದೆ. ನಾಲ್ವರು ಉತ್ತರಿಸಲಿಲ್ಲ. ಇಬ್ಬರು ಶುಭ ಕೋರಿದರು. ಒಬ್ಬರು, ನಮ್ಮ ಕಾಲೇಜನ್ನು ಎಷ್ಟೋ ವರ್ಷಗಳ ಹಿಂದೆ ಬಿಟ್ಟವರು, ನನ್ನ ಪುಟವನ್ನು ಓದಿ, ಹಳ್ಳಿಯ ಹಿರಿಯರ ಮಾತುಗಳ ಹನ್ನೆರಡು ಧ್ವನಿಮುದ್ರಣಗಳನ್ನು ಕಳುಹಿಸಿ ಬರಹಕ್ಕೆ ಇಳಿಸಿಕೊಡಲು ಹೇಳಿದರು. ಒಂದು ತಿಂಗಳ ಕೆಲಸ. ಬಂದ ಹಣದಲ್ಲಿ ಪರೀಕ್ಷಾ ಶುಲ್ಕ ಕಟ್ಟಿದೆ. ಅದಕ್ಕಿಂತ ಹೆಚ್ಚಾಗಿ, ಕೆಲಸ ಚೆನ್ನಾಗಿದೆಯೆಂದು ಅವರು ನನ್ನ ಪುಟದ ಮೇಲೆಯೇ ನಾಲ್ಕು ಸಾಲು ಬರೆದರು. ಊರಿನ ದೊಡ್ಡವರಿಂದ ದೊರೆಯದ ಪರಿಚಯ ಪತ್ರ ನನಗೆ ಹಾಗೆ ದೊರೆಯಿತು. ಅಧ್ಯಾಪಕರಲ್ಲಿ ನನ್ನದೊಂದು ಬಿನ್ನಹ: ನಿಮ್ಮ ವಿದ್ಯಾರ್ಥಿಗಳು ಬಂದು ಕೇಳಿದಾಗ, ಅವರು ಮಾಡಿದ ಒಂದು ಕೆಲಸವನ್ನು ಹೆಸರಿಸಿ ಇಂಥ ನಾಲ್ಕು ಸಾಲು ಬರೆಯಿರಿ. ನಮಗೆ ಅದು ದೊಡ್ಡ ಆಸ್ತಿ.

ಎಚ್ಚರಿಕೆ

ಬೆಳ್ಳಗಿರುವುದೆಲ್ಲ ಹಾಲಲ್ಲ. ಕೆಲಸ ಕೊಡುವುದಾಗಿ ನಂಬಿಸಿ ನೋಂದಣಿ ಶುಲ್ಕ, ತರಬೇತಿ ಶುಲ್ಕ ಎಂದು ಹಣ ಕೀಳುವವರು ಇಲ್ಲಿಯೂ ಇದ್ದಾರೆ. ಕೆಲಸ ಕೊಡುವ ಮೊದಲೇ ಹಣ ಕೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿರಿ. ಆಧಾರ್ ಸಂಖ್ಯೆ, ಬ್ಯಾಂಕಿನ ವಿವರ, ಒ.ಟಿ.ಪಿ. ಯಾರಿಗೂ ಕೊಡಬೇಡಿರಿ. ಮನೆಯ ವಿಳಾಸವನ್ನೂ ದೂರವಾಣಿ ಸಂಖ್ಯೆಯನ್ನೂ ಪುಟದಲ್ಲಿ ಎಲ್ಲರಿಗೂ ಕಾಣುವಂತೆ ಹಾಕಬೇಡಿರಿ; ವಿದ್ಯಾರ್ಥಿನಿಯರು ಇದನ್ನು ವಿಶೇಷವಾಗಿ ಗಮನಿಸಬೇಕು. ಸಭ್ಯವಲ್ಲದ ಸಂದೇಶ ಬಂದರೆ ಕಳುಹಿಸಿದವನನ್ನು ತಡೆಯುವುದಕ್ಕೂ ಅವನ ಮೇಲೆ ದೂರು ಕೊಡುವುದಕ್ಕೂ ತಾಣದಲ್ಲಿಯೇ ಏರ್ಪಾಡಿದೆ. ಹಣ ಕಳೆದುಕೊಂಡವರು ನಾಚಿಕೆಪಟ್ಟು ಸುಮ್ಮನಿರದೆ ಕೂಡಲೇ 1930 ಎಂಬ ಸಹಾಯವಾಣಿಗೆ ತಿಳಿಸಬೇಕು.

ಒಂದು ಆಕ್ಷೇಪಣೆ

ತುಂಬಿದ ಕೊಡ ತುಳುಕುವುದಿಲ್ಲ, ತನ್ನನ್ನು ತಾನು ಪ್ರದರ್ಶಿಸಿಕೊಳ್ಳುವುದು ಸಜ್ಜನರ ಲಕ್ಷಣವಲ್ಲ ಎಂದು ಕೆಲವರು ಹೇಳಬಹುದು. ಮಾತು ಸರಿ. ಆದರೆ ಮಾಡಿದುದನ್ನು ಮಾಡಿದಷ್ಟೇ ಹೇಳುವುದು ಆತ್ಮಪ್ರಶಂಸೆಯಲ್ಲ. ಎಲೆಯ ಮರೆಯ ಕಾಯಿ ಎಂದು ನಾವು ಮೆಚ್ಚಿ ಹೇಳುತ್ತೇವೆ. ಎಲೆಯ ಮರೆಯಲ್ಲಿಯೇ ಕೊಳೆತುಹೋದ ಕಾಯಿಗಳ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಅವುಗಳಲ್ಲಿ ಹೆಚ್ಚಿನವು ನಮ್ಮಂಥ ಮನೆಗಳವು.

ಪ್ರೊಫೈಲ್ ಎಂಬುದು ಕೆಲಸ ಕೊಡಿಸುವ ಮಂತ್ರವೆಂದು ತಿಳಿಯಬೇಡಿರಿ. ಲೋಕಸೇವಾ ಆಯೋಗದ ಪರೀಕ್ಷೆ ಬರೆಯುವವರಿಗೆ ಅಲ್ಲಿ ಅಂಕ ತಂದುಕೊಡುವುದು ಓದೇ ಹೊರತು ಈ ಪುಟವಲ್ಲ. ಆದರೆ ಅದನ್ನು ಬರೆಯಲು ಕುಳಿತಾಗ ಪ್ರತಿಯೊಬ್ಬನಿಗೂ ಒಂದು ಪ್ರಶ್ನೆ ಎದುರಾಗುತ್ತದೆ: ಮೂರು ವರ್ಷದಲ್ಲಿ ನಾನು ಮಾಡಿದುದೇನು? ಉತ್ತರ ಕಡಿಮೆಯೆನಿಸಿದರೆ ಪುಟವನ್ನು ಅಲಂಕರಿಸುವುದನ್ನು ಬಿಟ್ಟು ಎದ್ದು ಹೋಗಿ ಒಂದು ಕೆಲಸ ಹಿಡಿಯುವುದು ಮೇಲು. ಮೊದಲ ವರ್ಷದ ಗೆಳೆಯರು ಇದನ್ನು ಈಗಲೇ ಕೇಳಿಕೊಳ್ಳಲಿ. ಅವರ ಮುಂದೆ ಇನ್ನೂ ಎರಡು ಬೇಸಿಗೆ ರಜೆಗಳಿವೆ.